ಹಳೆಯ ಸ್ಪೋರ್ಟ್ಸ್ ಕಾರು ಹೊಸದಕ್ಕಿಂತ ದುಬಾರಿಯಾಗುವುದು ಹೇಗೆ?

ಲೆಕ್ಸಸ್ ಕಂಪನಿ 2010ರಿಂದ 2012ರವರೆಗೆ ಎಲ್‌ಎಫ್‌ಎ ಎಂಬ ಕಾರನ್ನು ಮಾಡಿತು. ಮಾಡಿದ್ದು ಬರೀ 500. ಅಮೆರಿಕದಲ್ಲಿ ಆಗಿನ ಬೆಲೆ 3,75,000 ಡಾಲರ್. ಆ ದುಡ್ಡಿಗೆ ಫೆರಾರಿಯೇ ಬರುತ್ತದಲ್ಲ ಎಂದು ಜನ ಮೂಗು ಮುರಿದರು. ತಯಾರಿಕೆ ನಿಂತು ವರ್ಷಗಳಾದ ಮೇಲೂ ಕೆಲವು ಕಾರುಗಳು ಮಾರಾಟವಾಗದೆ ಶೋರೂಮಿನಲ್ಲೇ ನಿಂತಿದ್ದವು. ಇವತ್ತು ಅದೇ ಕಾರು ಹರಾಜಿಗೆ ಬಂದರೆ ಮೂಲ ಬೆಲೆಯ ಎರಡು ಪಟ್ಟಿಗೂ ಮೀರಿ ಹೋಗುತ್ತದೆ. ಅದೇ ಕಂಪನಿ ಅದೇ ವರ್ಷ ಮಾರಿದ ದೊಡ್ಡ ಸೆಡಾನ್‌ಗೆ ಮಾತ್ರ ಮೂಲ ಬೆಲೆಯ ಸಣ್ಣದೊಂದು ಪಾಲು ಸಿಕ್ಕರೆ ಹೆಚ್ಚು.

ಇಂಥ ಸುದ್ದಿ ಓದಿದವರಿಗೆ ಹಳೆಯ ಸ್ಪೋರ್ಟ್ಸ್ ಕಾರೆಂದರೆ ಚಿನ್ನದ ಗಟ್ಟಿ ಅನ್ನಿಸುವುದು ಸಹಜ. ಆದರೆ ಏರುವುದು ಕೆಲವೇ ಮಾದರಿಗಳ ಬೆಲೆ. ಆ ಮಾದರಿಯೊಳಗೂ ಎಲ್ಲ ಕಾರುಗಳ ಬೆಲೆ ಒಂದೇ ಸಮ ಏರುವುದಿಲ್ಲ. ಒಂದೇ ವರ್ಷದ, ಒಂದೇ ಬಣ್ಣದ ಎರಡು ಕಾರುಗಳಲ್ಲಿ ಒಂದಕ್ಕೆ ಇನ್ನೊಂದರ ದುಪ್ಪಟ್ಟು ಬೆಲೆ ಬರುವುದುಂಟು. ಯಾಕೆಂದು ತಿಳಿಯಬೇಕಾದರೆ ಬೆಲೆ ಏರಿದ ವರ್ಷಗಳನ್ನಲ್ಲ, ಅದಕ್ಕೂ ಮುಂಚೆ ಆ ಕಾರು ಅಗ್ಗವಾಗಿ ಬಿದ್ದಿದ್ದ ವರ್ಷಗಳನ್ನು ನೋಡಬೇಕು.

ಬೆಲೆ ತಳ ಮುಟ್ಟುವ ಕಾಲ

ಹೊಸ ಕಾರಿನ ಬೆಲೆ 100 ಅಂತಿಟ್ಟುಕೊಳ್ಳಿ. ಕೆಲವು ಸೀಮಿತ ಆವೃತ್ತಿಗಳನ್ನು ಬಿಟ್ಟರೆ ಸ್ಪೋರ್ಟ್ಸ್ ಕಾರು ಕೂಡ ಬೇರೆ ಕಾರುಗಳ ಹಾಗೆಯೇ ಇಳಿಯುತ್ತದೆ. ಮೊದಲ ಮೂರು ವರ್ಷ ಜೋರಾಗಿ, ಆಮೇಲೆ ನಿಧಾನಕ್ಕೆ. ಹತ್ತರಿಂದ ಹದಿನೈದು ವರ್ಷದ ಹೊತ್ತಿಗೆ 30ಕ್ಕೋ 25ಕ್ಕೋ ಬಂದು ನಿಲ್ಲುತ್ತದೆ. ಸಾಮಾನ್ಯ ಕಾರಾದರೆ ಅಲ್ಲಿಂದ ಗುಜರಿಗೆ ಹೋಗುತ್ತದೆ. ಜನ ಆಸೆಪಡುವ ಕಾರಾದರೆ ಅದೇ ಮಟ್ಟದಲ್ಲಿ ಕೆಲವು ವರ್ಷ ತೆವಳಿ, ಮತ್ತೆ ಮೇಲಕ್ಕೆ ತಿರುಗುತ್ತದೆ.

ಕಾರಿನ ಪಾಲಿಗೆ ಅತ್ಯಂತ ಅಪಾಯದ ಕಾಲ ಈ ತಳದ ವರ್ಷಗಳೇ. ಕಾರಿನ ಬೆಲೆ 25ಕ್ಕೆ ಇಳಿದರೂ ಬಿಡಿಭಾಗದ ಬೆಲೆ ಇಳಿಯುವುದಿಲ್ಲ, ಅದು 100ರ ಕಾರಿಗೆ ತಕ್ಕಂತೆಯೇ ಇರುತ್ತದೆ. ಕೊಳ್ಳುವ ಶಕ್ತಿ ಇದ್ದು ಸಾಕುವ ಶಕ್ತಿ ಇಲ್ಲದವರ ಕೈಗೆ ಕಾರು ಹೋಗುವುದು ಆಗಲೇ. ಎಂಜಿನ್ನಿನ ವಾಲ್ವ್‌ಗಳನ್ನು ಪಿಸ್ಟನ್ನಿನ ತಾಳಕ್ಕೆ ನಡೆಸುವ ಟೈಮಿಂಗ್ ಬೆಲ್ಟ್ ಬದಲಿಸುವ ವರ್ಷ ಬಂದರೆ "ಇನ್ನೊಂದು ವರ್ಷ ಓಡಲಿ" ಅನ್ನುತ್ತಾರೆ. ಒಳ್ಳೆಯ ಟಯರಿನ ಬದಲು ಸಿಕ್ಕಿದ ಟಯರ್ ಹಾಕಿಸುತ್ತಾರೆ. ಅಪಘಾತವಾದರೆ ಪುಟ್ಟಿ ಬಳಿದು ಬಣ್ಣ ಹೊಡೆಸಿ ದಾಟಿಸುತ್ತಾರೆ. ಹೀಗೆ ಕೆಲವು ಕಾರು ಗುಜರಿಗೆ ಹೋಗುತ್ತವೆ, ಕೆಲವು ಹಾಳಾಗಿ ಉಳಿಯುತ್ತವೆ, ಚೆನ್ನಾಗಿ ಉಳಿದವು ಅಪರೂಪವಾಗುತ್ತವೆ. ಆಮೇಲೆ ಏರುವುದು ಈ ಅಪರೂಪದವುಗಳ ಬೆಲೆ. ಹಾಳಾಗಿ ಉಳಿದವು ಅವುಗಳ ಹೆಸರು ಹೇಳಿಕೊಂಡು ಮಾರುಕಟ್ಟೆಗೆ ಬರುತ್ತವೆ.

ತಿರುವು ಎಲ್ಲಿಂದ ಬರುತ್ತದೆ

ಕಾರಣಗಳು ಹಲವು. ಆದರೆ ದೊಡ್ಡದು ಒಂದೇ: ಆ ಥರದ ಕಾರನ್ನು ಇನ್ನು ಯಾರೂ ಮಾಡುವುದಿಲ್ಲ ಎಂಬುದು ಖಚಿತವಾದ ಕ್ಷಣ.

ಪೋರ್ಶೆ 911ರ ಎಂಜಿನ್ ದಶಕಗಳ ಕಾಲ ಗಾಳಿಯಿಂದ ತಣಿಯುವಂಥದ್ದಾಗಿತ್ತು. 993 ಎಂಬ ತಲೆಮಾರು 1998ರಲ್ಲಿ ಮುಗಿದಾಗ ಆ ಪರಂಪರೆಯೂ ಮುಗಿಯಿತು. ಅದರ ನಂತರ ಬಂದ, ನೀರಿನಿಂದ ತಣಿಯುವ 996 ಎಲ್ಲ ಲೆಕ್ಕದಲ್ಲೂ ವೇಗದ ಕಾರು. ಆದರೂ 993ರ ಬೆಲೆ ಎಲ್ಲಿಗೋ ಹೋಯಿತು, 996 ಬಹುಕಾಲ ಅತ್ಯಂತ ಅಗ್ಗದ 911 ಆಗಿಯೇ ಉಳಿಯಿತು. ವೇಗಕ್ಕೂ ಮರುಮಾರಾಟದ ಬೆಲೆಗೂ ಹೆಚ್ಚಿನ ನಂಟಿಲ್ಲ ಅನ್ನುವುದಕ್ಕೆ ಇದಕ್ಕಿಂತ ಪುರಾವೆ ಬೇಡ. ಇವತ್ತಿನ ಎಲೆಕ್ಟ್ರಿಕ್ ಸೆಡಾನೊಂದು ತೊಂಬತ್ತರ ದಶಕದ ಯಾವ ಸೂಪರ್‌ಕಾರನ್ನೂ ಸಿಗ್ನಲ್‌ನಲ್ಲಿ ಹಿಂದೆ ಹಾಕುತ್ತದೆ. ಜನ ದುಡ್ಡು ಕೊಡುತ್ತಿರುವುದು ಕೈಗೆ ಸಿಗುವ ಅನುಭವಕ್ಕೆ: ಗೇರ್ ಬೀಳುವ ಸದ್ದು, ನಿಮಿಷಕ್ಕೆ 8,000 ಸುತ್ತು ದಾಟಿ ಕೂಗುವ ಎಂಜಿನ್, ಎಲೆಕ್ಟ್ರಿಕ್ ಮೋಟರಿನ ನೆರವಿಲ್ಲದ ಸ್ಟೀರಿಂಗ್.

ಮ್ಯಾನ್ಯುಯಲ್ ಗೇರ್‌ಬಾಕ್ಸಿನ ಕಥೆಯೂ ಇದೇ. ಫೆರಾರಿ 2009ರಲ್ಲಿ ತಂದ 458 ಇಟಾಲಿಯಾಗೆ ಮ್ಯಾನ್ಯುಯಲ್ ಕೊಡಲೇ ಇಲ್ಲ. ಹಾಗಾಗಿ ಅದಕ್ಕೂ ಹಿಂದಿನ ಎಫ್430ರಲ್ಲಿ ಲೋಹದ ತಟ್ಟೆಯ ಸೀಳುಗಳ ನಡುವೆ ಗೇರ್ ಕೋಲು ಓಡಾಡುವ ಕಾರುಗಳು ಬೇರೆಯೇ ಜಾತಿಯಾದವು. ಸ್ಟೀರಿಂಗ್ ಹಿಂದಿನ ಪ್ಯಾಡಲ್‌ನಿಂದ ಗೇರ್ ಬದಲಿಸುವ ಅದೇ ಎಫ್430 ಬೆಲೆಯಲ್ಲಿ ಬಹಳ ಹಿಂದೆ ಉಳಿಯಿತು. 599 ಜಿಟಿಬಿ ಮಾದರಿಯಲ್ಲಂತೂ ಮ್ಯಾನ್ಯುಯಲ್ ಕಾರುಗಳು ಇಡೀ ಜಗತ್ತಿನಲ್ಲಿ ಸುಮಾರು 30 ಮಾತ್ರ. ಇದನ್ನು ಕಂಡವರು ಪ್ಯಾಡಲ್ ಕಾರುಗಳಿಗೆ ಆಮೇಲೆ ಮ್ಯಾನ್ಯುಯಲ್ ಕೂರಿಸತೊಡಗಿದರು. ಓಡಿಸಲು ಅದು ಚೆನ್ನಾಗಿಯೇ ಇರುತ್ತದೆ. ಬೆಲೆ ಮಾತ್ರ ಕಾರ್ಖಾನೆಯಿಂದಲೇ ಮ್ಯಾನ್ಯುಯಲ್ ಆಗಿ ಬಂದದ್ದರ ಮಟ್ಟಕ್ಕೆ ಏರುವುದಿಲ್ಲ. ಆದ್ದರಿಂದ ದಾಖಲೆಯಲ್ಲಿ ಯಾವ ಗೇರ್‌ಬಾಕ್ಸ್ ಎಂದಿದೆಯೋ ಅದನ್ನು ಚಾಸಿ ನಂಬರಿನ ಜೊತೆ ಹೋಲಿಸದೆ ಮುಂಗಡ ಕೊಡಬಾರದು.

ಟರ್ಬೋ ಇಲ್ಲದ ಎಂಜಿನ್‌ಗಳದ್ದೂ ಇದೇ ದಾರಿ. 2015ರಲ್ಲಿ ಟರ್ಬೋ ಇರುವ ಫೆರಾರಿ 488 ಬಂದ ಮೇಲೆ, ಮ್ಯಾನ್ಯುಯಲ್ ಇಲ್ಲವೆಂದು ಬೈಸಿಕೊಂಡಿದ್ದ 458ಕ್ಕೇ ಕಳೆ ಬಂತು.

ಕಾನೂನಿನಿಂದಲೂ ಬೆಲೆ ಏರುತ್ತದೆ. ಹೊರದೇಶದ ಕಾರು ಅಮೆರಿಕದ ಸುರಕ್ಷತಾ ನಿಯಮಕ್ಕೆ ಹೊಂದದಿದ್ದರೂ, ತಯಾರಾಗಿ 25 ವರ್ಷ ತುಂಬಿದ್ದರೆ ಅಲ್ಲಿಗೆ ತರಿಸಿಕೊಳ್ಳಬಹುದು. ಲೆಕ್ಕ ಹಾಕುವುದು ಮಾದರಿಯ ವರ್ಷದಿಂದಲ್ಲ, ಆ ಕಾರು ತಯಾರಾದ ತಿಂಗಳಿನಿಂದ. ನಿಸಾನ್ ಸ್ಕೈಲೈನ್ ಜಿಟಿ-ಆರ್‌ನ ಆರ್34 ತಲೆಮಾರು ಹುಟ್ಟಿದ್ದು 1999ರ ಜನವರಿಯಲ್ಲಿ. ಅಂದರೆ 2024ರ ಜನವರಿಯಿಂದ ಅದಕ್ಕೆ ಅಮೆರಿಕದ ಬಾಗಿಲು ತೆರೆಯಿತು. ಬೆಲೆ ಅದಕ್ಕೂ ವರ್ಷಗಳ ಮುಂಚೆಯೇ ಏರಿಬಿಟ್ಟಿತ್ತು, ಯಾಕೆಂದರೆ ಬಾಗಿಲು ತೆರೆಯುವ ದಿನ ಎಲ್ಲರಿಗೂ ಮೊದಲೇ ಗೊತ್ತಿತ್ತು. ಎಲ್ಲರಿಗೂ ಗೊತ್ತಿರುವ ಕಾರಣವನ್ನು ನಂಬಿ ಕೊನೆಯಲ್ಲಿ ಕೊಂಡವರಿಗೆ ಲಾಭ ಉಳಿಯುವುದಿಲ್ಲ.

ಇನ್ನೊಂದು ಕಾರಣ ಕೊಳ್ಳುವವರ ವಯಸ್ಸು. ಹದಿನೈದರಲ್ಲಿ ಗೋಡೆಗೆ ಚಿತ್ರ ಅಂಟಿಸಿಕೊಂಡವರು ನಲವತ್ತು ದಾಟಿ ಕೈಯಲ್ಲಿ ನಾಲ್ಕು ಕಾಸು ಓಡಾಡುವಾಗ ಅದೇ ಕಾರು ಹುಡುಕುತ್ತಾರೆ. ತೊಂಬತ್ತರ ದಶಕದ ಟೊಯೊಟಾ ಸುಪ್ರಾ, ಹೋಂಡಾ ಎನ್‌ಎಸ್‌ಎಕ್ಸ್, ಮಜ್ದಾ ಆರ್‌ಎಕ್ಸ್-7 ಇವೆಲ್ಲ ಈಗ ಮೇಲೆದ್ದಿರುವುದರಲ್ಲಿ ಇದರ ಪಾಲು ದೊಡ್ಡದು. ಈ ಅಲೆ ಮುಂದಕ್ಕೆ ಸರಿಯುತ್ತಿರುತ್ತದೆ, ಹಿಂದೆ ಬಿಟ್ಟುಹೋದ ಕಾರುಗಳ ಬೆಲೆ ಕುಸಿಯುತ್ತದೆ.

ಏರಿದ್ದು ಇಳಿಯುವುದೂ ಉಂಟು

ಎಂಝೋ ಫೆರಾರಿ 1988ರ ಆಗಸ್ಟ್‌ನಲ್ಲಿ ತೀರಿಕೊಂಡ ಮೇಲೆ ಆ ಹೆಸರಿನ ಕಾರುಗಳಿಗೆ ಹುಚ್ಚು ಬೇಡಿಕೆ ಬಂತು. ಮಾಡಿದ್ದೇ 36 ಇರುವ 250 ಜಿಟಿಒ 1 ಕೋಟಿ ಡಾಲರ್ ದಾಟಿತು. 1990ರ ನಂತರ ಗುಳ್ಳೆ ಒಡೆದಾಗ ಅದೇ ಕಾರು ಕೆಲವೇ ವರ್ಷಗಳಲ್ಲಿ ಮೂರನೇ ಒಂದು ಭಾಗದ ಆಸುಪಾಸಿಗೆ ಬಂತು. ಇಂದು ಅದು 5 ಕೋಟಿ ಡಾಲರಿನ ಕಾರು, ನಿಜ. ಆದರೆ ಸಾಲ ಮಾಡಿ ಕೊಂಡಿದ್ದವರಿಗೆ ಇಂದಿನ ತನಕ ಕಾಯಲು ಆಗಲಿಲ್ಲ.

ಕಂಪನಿಯೇ ಬೆಲೆ ಇಳಿಸಿದ ಉದಾಹರಣೆಯೂ ಇದೆ. ಪೋರ್ಶೆ 2016ರಲ್ಲಿ 911 ಆರ್ ಎಂಬ ಮ್ಯಾನ್ಯುಯಲ್ ಕಾರನ್ನು ಒಟ್ಟು 991 ಕಾರುಗಳಿಗೆ ಸೀಮಿತಗೊಳಿಸಿ ತಂದಾಗ ಅದು ಮೂಲ ಬೆಲೆಯ ಹಲವು ಪಟ್ಟಿಗೆ ಕೈಬದಲಾಯಿತು. ಮರುವರ್ಷವೇ ಕಂಪನಿ ಹೆಚ್ಚುಕಡಿಮೆ ಅದೇ ರುಚಿಯ ಜಿಟಿ3 ಟೂರಿಂಗ್ ತಂದಿತು. ಅದಕ್ಕೆ ಸಂಖ್ಯೆಯ ಮಿತಿ ಇರಲಿಲ್ಲ. 911 ಆರ್ ಬೆಲೆ ಜರ್ರನೆ ಜಾರಿತು.

ಕೋವಿಡ್ ಕಾಲದ ಏರಿಕೆ ಬೇರೆ ಬಗೆಯದು. ಚಿಪ್ ಕೊರತೆಯಿಂದ ಹೊಸ ಕಾರು ಸಿಗದೆ, ಬಡ್ಡಿ ಕಡಿಮೆ ಇದ್ದು, 2021ರ ಹೊತ್ತಿಗೆ ಬಳಸಿದ ಕಾರುಗಳೆಲ್ಲ ಒಟ್ಟಿಗೆ ದುಬಾರಿಯಾದವು. 2022ರಿಂದ ಬಡ್ಡಿ ಏರಿತು, ಹೊಸ ಕಾರುಗಳೂ ಬಂದವು, ಮೇಲಿನ ನೊರೆ ಇಳಿಯಿತು. ಆ ಎರಡು ವರ್ಷದ ಬೆಲೆಯನ್ನು ಅಳತೆಗೋಲು ಮಾಡಿಕೊಂಡು ಮಾರಲು ಕೂತವರು ಇನ್ನೂ ಇದ್ದಾರೆ.

ಬೆಲೆ ನೋಡುವಾಗ ಇನ್ನೊಂದು ಎಚ್ಚರ ಬೇಕು. ಜಾಹೀರಾತಿನಲ್ಲಿರುವುದು ಮಾರುವವರ ಆಸೆ, ಮಾರುಕಟ್ಟೆಯ ಬೆಲೆಯಲ್ಲ. ಹರಾಜಿನ ಬೆಲೆ ನಿಜವಾದದ್ದೇ, ಆದರೆ ಅದರಲ್ಲಿ ಕೊಳ್ಳುವವರು ಹರಾಜು ಸಂಸ್ಥೆಗೆ ಕೊಡುವ ಶುಲ್ಕ, ಸಾಮಾನ್ಯವಾಗಿ 5ರಿಂದ 15%, ಸೇರಿದೆಯೋ ಇಲ್ಲವೋ ನೋಡಬೇಕು. ಮಾರುವವರ ಕೈಗೆ ಆ ಮೊತ್ತ ಬರುವುದಿಲ್ಲ. ಸುದ್ದಿಯಾಗುವುದು ದಾಖಲೆ ಮುರಿದ ಒಂದು ಕಾರು; ಕನಿಷ್ಠ ಬೆಲೆ ಮುಟ್ಟದೆ ಮನೆಗೆ ಹಿಂತಿರುಗಿದ ಐದನ್ನು ಯಾರೂ ಎಣಿಸುವುದಿಲ್ಲ. ನೆಚ್ಚಬಹುದಾದ ಅಳತೆ ಒಂದಿದೆ: ಅದೇ ಚಾಸಿ ನಂಬರಿನ ಕಾರು ಹಿಂದೆ ಎಷ್ಟಕ್ಕೆ ಹೋಗಿತ್ತು, ಈಗ ಎಷ್ಟಕ್ಕೆ ಹೋಯಿತು, ನಡುವೆ ಎಷ್ಟು ಓಡಿತು.

ಅಗ್ಗದ ವರ್ಷಗಳ ಗುರುತು ಹುಡುಕುವುದು

ಮೇಲೆ ಥಳುಕು ಒಳಗೆ ಹುಳುಕು ಎಂಬ ಮಾತು ಈ ಮಾರುಕಟ್ಟೆಗೆ ಅಳತೆ ತೆಗೆದು ಹೊಲಿಸಿದಂತಿದೆ. ಪರಿಶೀಲನೆಗೆ ಮಾರುವವರ ಪರಿಚಯದ ಮೆಕ್ಯಾನಿಕ್ ಬೇಡ, ಆ ಮಾದರಿಯನ್ನೇ ಬಿಚ್ಚಿ ಜೋಡಿಸಿದ ಅನುಭವವಿರುವವರು ಬೇಕು. ಕಾರಿನ ಎಂಜಿನ್ ತಣ್ಣಗಿರಲಿ ಎಂದು ಮೊದಲೇ ಹೇಳಿ ಹೋಗಬೇಕು. ಹೋದಾಗ ಬಾನೆಟ್ ಬಿಸಿ ಇದ್ದರೆ, ತಣ್ಣನೆಯ ಎಂಜಿನ್ ಮಾಡುವ ಸದ್ದನ್ನು ಯಾರೋ ಮುಚ್ಚಿಟ್ಟಿದ್ದಾರೆ ಎಂದುಕೊಳ್ಳುವುದೇ ಕ್ಷೇಮ.

ಮೊದಲು ಕಾಗದ. ಸರ್ವಿಸ್ ಬುಕ್ಕಿನ ಸೀಲು ಸಾಲದು, ಬಿಲ್ಲುಗಳು ಬೇಕು. ಬಿಲ್ಲುಗಳನ್ನು ತಾರೀಖಿನ ಪ್ರಕಾರ ಮೇಜಿನ ಮೇಲೆ ಜೋಡಿಸಿ, ಪ್ರತಿಯೊಂದರಲ್ಲಿರುವ ಓಡೋಮೀಟರ್ ಅಂಕಿ ಬರೆದುಕೊಳ್ಳಿ. ಅಂಕಿ ಎಲ್ಲಾದರೂ ಹಿಂದಕ್ಕೆ ಹೋಗಿದೆಯೇ, ಮೂರು ನಾಲ್ಕು ವರ್ಷ ಒಂದೂ ಬಿಲ್ಲಿಲ್ಲದ ಕಂದಕ ಇದೆಯೇ ನೋಡಿ. ಆ ಕಂದಕ ಬಿದ್ದಿರುವುದು ಬಹುಪಾಲು ಕಾರು ಅತ್ಯಂತ ಅಗ್ಗವಾಗಿದ್ದ ಕಾಲದಲ್ಲೇ.

ಆಮೇಲೆ ಬಣ್ಣದ ದಪ್ಪ ಅಳೆಯುವ ಮೀಟರ್. ಕಾರ್ಖಾನೆಯ ಬಣ್ಣ ಸಾಮಾನ್ಯವಾಗಿ 90ರಿಂದ 150 ಮೈಕ್ರಾನ್. ಒಂದು ಬಾಗಿಲಲ್ಲಿ ಮಾತ್ರ 250 ತೋರಿಸಿದರೆ ಅಲ್ಲಿ ಮತ್ತೆ ಬಣ್ಣ ಹೊಡೆದಿದೆ. 600, 1000 ಬಂದರೆ ಕೆಳಗೆ ಪುಟ್ಟಿ ಇದೆ. ಅಗ್ಗದ ಮೀಟರ್ ಉಕ್ಕಿನ ಮೇಲಷ್ಟೇ ಕೆಲಸ ಮಾಡುತ್ತದೆ. ಎನ್‌ಎಸ್‌ಎಕ್ಸ್‌ನಂಥ ಅಲ್ಯೂಮಿನಿಯಂ ಮೈಗೆ ಆ ಲೋಹವನ್ನೂ ಓದುವ ಮೀಟರ್ ಬೇಕು, ಕಾರ್ಬನ್ ಫೈಬರ್ ಮೇಲೆ ಎರಡೂ ಮೂಕ. ಮುಂದಿನ ಬಂಪರಿಗೆ ಕಲ್ಲೇಟಿನ ಕಾರಣ ಮತ್ತೆ ಬಣ್ಣ ಹೊಡೆದಿರುವುದು ಮಾಮೂಲು, ಅದಕ್ಕೆ ಗಾಬರಿ ಬೇಡ. ಚಾವಣಿ ಅಥವಾ ಹಿಂಬದಿ ಕಂಬದ ಮೇಲೆ ಮರುಬಣ್ಣ ಕಂಡರೆ ಮಾತ್ರ ಕೂತು ಯೋಚಿಸಬೇಕು.

ಗಾಜುಗಳ ಮೂಲೆಯಲ್ಲಿ, ಸೀಟ್ ಬೆಲ್ಟಿನ ಬುಡದ ಚೀಟಿಯಲ್ಲಿ ತಯಾರಾದ ಕಾಲದ ಗುರುತು ಇರುತ್ತದೆ. 2001ರ ಕಾರಿನಲ್ಲಿ 2008ರ ಬೆಲ್ಟ್ ಇದ್ದರೆ ನಡುವೆ ಏರ್‌ಬ್ಯಾಗ್ ಸಿಡಿದಿರಬಹುದು. ಟಯರಿನ ಪಕ್ಕದಲ್ಲಿ ಡಿಒಟಿ (DOT) ಎಂದು ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ಓದಿ: 2319 ಎಂದರೆ 2019ರ 23ನೇ ವಾರ. ಸವೆಯದ, ಆದರೆ ಹತ್ತು ವರ್ಷದ ಟಯರ್ ಇರುವ ಕಾರು "ಕಡಿಮೆ ಓಡಿದ್ದು" ಹೌದು. ಅದರ ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗಿರುತ್ತದೆ ಎಂಬುದೂ ಹೌದು.

ಇನ್ನು ಮಾದರಿಗೊಂದು ಕಾಯಿಲೆ. ಪೋರ್ಶೆಯ 996 ಮತ್ತು ಅದೇ ಕಾಲದ ಬಾಕ್ಸ್‌ಟರ್ ಎಂಜಿನ್ನಿನೊಳಗೆ, ವಾಲ್ವ್ ತೆರೆಯುವ ಕ್ಯಾಮ್‌ಗಳನ್ನು ತಿರುಗಿಸುವ ನಡುವಿನ ಶಾಫ್ಟಿನ ಕೊನೆಯಲ್ಲಿ ಒಂದು ಮುಚ್ಚಿದ ಬಾಲ್ ಬೇರಿಂಗ್ ಇದೆ. ಅದರ ಸೀಲ್ ಸವೆದರೆ ಎಂಜಿನ್ ಆಯಿಲ್ ಒಳನುಗ್ಗಿ ಗ್ರೀಸನ್ನು ತೊಳೆದುಬಿಡುತ್ತದೆ. ಬೇರಿಂಗ್ ಪುಡಿಯಾದರೆ ಟೈಮಿಂಗ್ ತಪ್ಪಿ ಪಿಸ್ಟನ್ನಿಗೆ ವಾಲ್ವ್ ಹೊಡೆಯುತ್ತದೆ, ಎಂಜಿನ್ ಮುಗಿಯಿತು. ತಪಾಸಣೆ ಸುಲಭ: ಆಯಿಲ್ ಫಿಲ್ಟರ್ ಬಿಚ್ಚಿ, ಕಾಗದದ ಮಡಿಕೆಗಳನ್ನು ಕತ್ತರಿಸಿ ಬಿಳಿ ಬಟ್ಟೆಯ ಮೇಲೆ ಹರಡಿ, ಟಾರ್ಚ್ ಬೆಳಕಿನಲ್ಲಿ ನೋಡಬೇಕು. ಲೋಹದ ಮಿನುಗು ಅಥವಾ ಸೀಲಿನ ಕಪ್ಪು ಚೂರು ಕಂಡರೆ ಅಲ್ಲೇ ಕೈಬಿಡಿ. ಬೇರಿಂಗ್ ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕಾದ್ದರಿಂದ ಕ್ಲಚ್ ಹಾಕುವಾಗಲೇ ಅದನ್ನೂ ಮಾಡಿಸುತ್ತಾರೆ. ಕ್ಲಚ್ ಬಿಲ್ಲಿದ್ದು ಬೇರಿಂಗ್ ಬಿಲ್ಲಿಲ್ಲ ಎಂದರೆ ಹಿಂದಿನ ಮಾಲೀಕರು ದುಡ್ಡು ಎಲ್ಲಿ ಉಳಿಸಿದರೆಂದು ತಿಳಿಯಿತು. ಅದೇ ಕಾಲದ ಜಿಟಿ3 ಮತ್ತು 911 ಟರ್ಬೋ ಎಂಜಿನ್ ಬೇರೆ ವಂಶದ್ದು, ಅವಕ್ಕೆ ಈ ಕಾಯಿಲೆ ಇಲ್ಲ. ಬೆಲೆಯ ಅಂತರಕ್ಕೆ ಅದೂ ಒಂದು ಕಾರಣ.

ಫೆರಾರಿ ಎಫ್355ರಲ್ಲಿ ಟೈಮಿಂಗ್ ಬೆಲ್ಟ್ ಬದಲಿಸಲು ಎಂಜಿನ್ನನ್ನೇ ಕೆಳಗಿಳಿಸಬೇಕು. ಅದರ ನಂತರದ 360ರಲ್ಲಿ ಸೀಟುಗಳ ಹಿಂದಿನ ಮುಚ್ಚಳ ತೆಗೆದರೆ ಬೆಲ್ಟ್ ಕೈಗೆ ಸಿಗುತ್ತದೆ. ಎಫ್430ಕ್ಕೆ ಚೈನ್ ಬಂತು, ಆ ಚಿಂತೆಯೇ ಹೋಯಿತು. ಬೆಲ್ಟ್ ಕಿಲೋಮೀಟರಿನಿಂದ ಮಾತ್ರವಲ್ಲ, ವಯಸ್ಸಿನಿಂದಲೂ ಹಾಳಾಗುವುದರಿಂದ ಓಡದೆ ನಿಂತ ಕಾರಿಗೂ ಈ ಖರ್ಚು ತಪ್ಪದು. ಬಿಎಂಡಬ್ಲ್ಯು ಎಂ3ಯ ಇ46 ತಲೆಮಾರಿನಲ್ಲಿ ಹಿಂದಿನ ಆಕ್ಸಲ್ ಹೊತ್ತಿರುವ ಚೌಕಟ್ಟಿನ (ಸಬ್‌ಫ್ರೇಮ್) ಬೋಲ್ಟುಗಳು ಕೂರುವ ತಗಡು ಬಿರುಕು ಬಿಡುತ್ತದೆ. ಹಿಂದಿನ ಆಕ್ಸಲ್ ಇಳಿಸಿ, ಬಲಪಡಿಸುವ ಪ್ಲೇಟು ಬೆಸುಗೆ ಹಾಕಿ, ಫೋಟೋ ಸಮೇತ ಬಿಲ್ಲಿಟ್ಟ ಕಾರಿಗೆ "ಯಾರೂ ಮುಟ್ಟಿಲ್ಲ" ಎನ್ನುವ ಕಾರಿಗಿಂತ ಹೆಚ್ಚು ಕೊಡಬಹುದು. ಆರ್‌ಎಕ್ಸ್-7ರ ರೋಟರಿ ಎಂಜಿನ್ನಿಗೆ, ಅಂದರೆ ಪಿಸ್ಟನ್ ಬದಲು ತ್ರಿಕೋನದ ರೋಟರ್ ತಿರುಗುವ ಎಂಜಿನ್ನಿಗೆ, ಮಾಮೂಲಿ ಕಂಪ್ರೆಶನ್ ಗೇಜ್ ಸಾಲದು. ಪ್ರತಿ ರೋಟರಿನ ಮೂರು ಮುಖಗಳನ್ನೂ ಬೇರೆಬೇರೆಯಾಗಿ ಓದುವ ಉಪಕರಣ ಬೇಕು.

ಎಲ್ಲ ಪಿಸ್ಟನ್ ಎಂಜಿನ್ನಿಗೂ ಲೀಕ್‌ಡೌನ್ ಪರೀಕ್ಷೆ ಮಾಡಿಸಿ. ಸಿಲಿಂಡರಿಗೆ ಒತ್ತಡದ ಗಾಳಿ ತುಂಬಿ ಎಷ್ಟು ಸೋರುತ್ತದೆ ಎಂದು ನೋಡುವುದು ಅಷ್ಟೇ. 10%ಗಿಂತ ಕಡಿಮೆ ಇದ್ದರೆ ನಿಶ್ಚಿಂತೆ. 20% ದಾಟಿದರೆ ಗಾಳಿ ಎಲ್ಲಿಂದ ಬುಸುಗುಡುತ್ತದೆ ಕೇಳಿಸಿಕೊಳ್ಳಿ: ಸೈಲೆನ್ಸರಿನಿಂದ ಬಂದರೆ ಎಕ್ಸಾಸ್ಟ್ ವಾಲ್ವ್, ಆಯಿಲ್ ಹಾಕುವ ಬಾಯಿಂದ ಬಂದರೆ ಪಿಸ್ಟನ್ ರಿಂಗ್, ಕೂಲಂಟಿನಲ್ಲಿ ಗುಳ್ಳೆ ಎದ್ದರೆ ಹೆಡ್ ಗ್ಯಾಸ್ಕೆಟ್.

ಮ್ಯಾನ್ಯುಯಲ್ ಪೋರ್ಶೆಯಾದರೆ ಎಂಜಿನ್ ಕಂಪ್ಯೂಟರಿನ ಅತಿವೇಗದ ದಾಖಲೆ ತೆಗೆಸಿ. ಐದನೇ ಗೇರಿನಿಂದ ನಾಲ್ಕಕ್ಕೆ ಇಳಿಸಲು ಹೋಗಿ ಎರಡಕ್ಕೆ ಹಾಕಿದರೆ, ಚಕ್ರವೇ ಎಂಜಿನ್ನನ್ನು ಮಿತಿ ಮೀರಿ ತಿರುಗಿಸುತ್ತದೆ. ಇಂಧನ ಕಡಿದು ವೇಗ ತಡೆಯುವ ವ್ಯವಸ್ಥೆ ಅಲ್ಲಿ ಕೆಲಸಕ್ಕೆ ಬಾರದು. 996ರ ನಂತರ ಬಂದ 997 ಮತ್ತು ಅದರ ಮುಂದಿನ ಕಾರುಗಳು ಇದನ್ನು ಆರು ಹಂತಗಳಲ್ಲಿ, ಆಗ ಎಂಜಿನ್ ಎಷ್ಟು ಗಂಟೆ ಓಡಿತ್ತು ಎಂಬುದರ ಸಮೇತ ಬರೆದಿಟ್ಟುಕೊಳ್ಳುತ್ತವೆ. ಮೇಲಿನ ಹಂತಗಳಲ್ಲಿ ಈಚಿನ ಗಂಟೆಗಳ ಗುರುತಿದ್ದರೆ ಆ ಎಂಜಿನ್ನಿನ ಭವಿಷ್ಯಕ್ಕೆ ಯಾರೂ ಜಾಮೀನು ಕೊಡಲಾರರು.

ಕೂಡಿ ಕಳೆದ ಮೇಲೆ

ಕೊಂಡ ಬೆಲೆ 100, ಎಂಟು ವರ್ಷದ ನಂತರ ಮಾರಿದ್ದು 150ಕ್ಕೆ. ಕೇಳಲು ಚೆಂದ. ವರ್ಷಕ್ಕೆ ವಿಮೆ 1, ನಿಲ್ಲಿಸುವ ಜಾಗ 1.5, ಸರ್ವಿಸ್ 2.5 ಎಂದು ಕೈಬಿಗಿ ಹಿಡಿದೇ ಲೆಕ್ಕ ಹಾಕೋಣ. ಎಂಟು ವರ್ಷಕ್ಕೆ 40 ಆಯಿತು. ಒಂದು ಜೊತೆ ಟಯರ್ 2, ಒಂದು ಕ್ಲಚ್ 3, ಮಾರುವಾಗಿನ ಶುಲ್ಕ 5% ಎಂದರೆ 7.5. ಒಟ್ಟು ಖರ್ಚು 52.5, ಕೈಗೆ ಉಳಿದದ್ದು 97.5. ಹಣದುಬ್ಬರ ವರ್ಷಕ್ಕೆ 5% ಇದ್ದರೆ ಆ ಎಂಟು ವರ್ಷದಲ್ಲಿ 100ರ ಸಾಮಾನಿಗೆ ಸುಮಾರು 148 ಆಗಿರುತ್ತದೆ. ಅಂದರೆ ಬೆಲೆ ಒಂದೂವರೆ ಪಟ್ಟಾದರೂ ಲಾಭವಿಲ್ಲ; ಎಂಟು ವರ್ಷ ಒಳ್ಳೆಯ ಕಾರು ಓಡಿಸಿದ್ದಕ್ಕೆ ಕೊಟ್ಟ ಬಾಡಿಗೆ ಕಡಿಮೆಯಾಯಿತು, ಅಷ್ಟೇ. ಎಂಜಿನ್ ಒಮ್ಮೆ ಬಿಚ್ಚಬೇಕಾಗಿ ಬಂದರೆ ಇದರಲ್ಲಿ ಇನ್ನೂ 20 ಕಳೆಯಿರಿ.

ಬೆಲೆ ಉಳಿಯಬೇಕೆಂದು ಕಾರನ್ನು ಓಡಿಸದೆ ಇಡುವವರೂ ಇದ್ದಾರೆ. ಸೀಲುಗಳು ಒಣಗುತ್ತವೆ, ಪೆಟ್ರೋಲ್ ಕೆಡುತ್ತದೆ, ಬ್ರೇಕ್ ಆಯಿಲ್ ತೇವ ಹೀರುತ್ತದೆ. ಎಫ್355, 360ರ ಕಾಲದ ಫೆರಾರಿಗಳ ಒಳಗಿನ ಬಟನ್‌ಗಳ ಮೇಲಿನ ರಬ್ಬರ್ ಲೇಪ ವರ್ಷ ಕಳೆದಂತೆ ಕರಗಿದ ಬೆಲ್ಲದ ಹಾಗೆ ಬೆರಳಿಗೆ ಅಂಟುತ್ತದೆ. ವಾರಕ್ಕೊಮ್ಮೆ ಎರಡು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸುವುದಂತೂ ಓಡಿಸದೆ ಇರುವುದಕ್ಕಿಂತ ಕೆಟ್ಟದ್ದು. ಉರಿದ ಇಂಧನದಿಂದ ಹುಟ್ಟಿದ ನೀರು ಆವಿಯಾಗಿ ಹೋಗದೆ ಆಯಿಲಿನಲ್ಲೂ ಸೈಲೆನ್ಸರಿನಲ್ಲೂ ಉಳಿಯುತ್ತದೆ. ತಿಂಗಳಿಗೆ ಎರಡು ಸಲ, ಪ್ರತಿ ಸಲ ಅರ್ಧ ಗಂಟೆಯಾದರೂ ರಸ್ತೆಯಲ್ಲಿ ಓಡಿಸಬೇಕು. ಕೂಲಂಟಿನ ಮುಳ್ಳು ನಡುವಿಗೆ ಬಂದ ಮೇಲೂ ಆಯಿಲ್ ಪೂರ್ತಿ ಬಿಸಿಯಾಗಲು ಇನ್ನೊಂದಿಷ್ಟು ಹೊತ್ತು ಬೇಕು, ಅಲ್ಲಿಯವರೆಗೆ ಆಕ್ಸಿಲರೇಟರ್ ಪೂರ್ತಿ ತುಳಿಯಬಾರದು. ನಿಲ್ಲಿಸಿದಾಗ ಬ್ಯಾಟರಿಗೆ ನಿಧಾನಕ್ಕೆ ತುಂಬುವ ಟ್ರಿಕಲ್ ಚಾರ್ಜರ್, ಕೋಣೆಯಲ್ಲಿ ತೇವಾಂಶ 50%ರ ಸುತ್ತಮುತ್ತ, ಬ್ರೇಕ್ ಆಯಿಲ್ ಎರಡು ವರ್ಷಕ್ಕೊಮ್ಮೆ.

ಮಾರ್ಪಾಡು ಮಾಡಿಸಿದರೆ ಬಿಚ್ಚಿದ ಸಾಮಾನನ್ನು ಎಸೆಯಬೇಡಿ. ಮೂಲ ಸೈಲೆನ್ಸರ್, ಚಕ್ರ, ಸ್ಟೀರಿಂಗ್, ಎರಡನೇ ಕೀಲಿ, ಕಾರಿನ ಜೊತೆ ಬಂದ ಸ್ಪ್ಯಾನರುಗಳ ಚೀಲ, ಮಾಲೀಕರ ಕೈಪಿಡಿ ಎಲ್ಲವನ್ನೂ ಹೆಸರು ಬರೆದು ಒಂದೇ ಕಡೆ ಇಡಿ. ಆ ಸ್ಪ್ಯಾನರುಗಳಲ್ಲಿ ಒಂದು ಕಳೆದಿದ್ದರೂ ಅದನ್ನು ಪಟ್ಟಿ ಮಾಡಿ ಬೆಲೆ ಇಳಿಸಲು ಕೇಳುವಂಥವರೇ ಈ ಕಾರನ್ನು ನೋಡಲು ಬರುವುದು.